ಎರಡು ಗಂಟು ಶೇಂಗಾ

ಆಗ ನನಗೆ ಮೂವತ್ತೆರಡು. ನಲವತ್ತೈದು ವರ್ಷದ ಹಿಂದಿನ ಮಾತು. ಮೊನ್ನೆ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಕಾಗದ ಹಿಡಿದು ಕೇಳಿದಳು: "ಅಜ್ಜೀ, ಸೊನ್ನೆಯಿಂದ ಹತ್ತರೊಳಗೆ ನಿಮ್ ಸುಸ್ತು ಎಷ್ಟೈತೆ ಹೇಳ್ರಿ."

"ಬೆಳಿಗ್ಗೇದೋ, ಮಧ್ಯಾಹ್ನದ್ದೋ?" ಎಂದೆ. ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಎರಡನೇ ಇಯತ್ತೆ ದಾಟಿದವಳಲ್ಲ. ಆದರೂ ಆ ಮೂವತ್ತೆರಡರಲ್ಲಿ ಸುಸ್ತನ್ನು ಒಮ್ಮೆ ಅಳೆದಿದ್ದೇನೆ.

ಜಗಳೂರಿನ ಹತ್ತಿರ ನಮ್ಮ ಹಳ್ಳಿ. ಮೈದುನನ ಹೆಂಡತಿ ಗಂಗಮ್ಮ ಹೊಳೆದಂಡೆಯ ಹೊನ್ನಾಳಿಯವಳು. ಮೊದಮೊದಲು ಶೇಂಗಾ ಸುಲಿಯುವುದರಲ್ಲಿ ನನ್ನನ್ನೇ ಸೋಲಿಸುತ್ತಿದ್ದಳು. ಆಮೇಲೆ ಬಿಸಿಲೇರಿತೆಂದರೆ ಗೋಡೆಗೆ ಒರಗಿಬಿಡುತ್ತಿದ್ದಳು. "ಕಾಲು ನನ್ನವಲ್ಲ ಅನ್ನಿಸ್ತದಕ್ಕ" ಎನ್ನುತ್ತಿದ್ದಳು. "ಹೊಳೆ ನೀರು ಕುಡಿದ ಮೈ, ಎಲ್ಲಿ ಬಗ್ತದೆ!" ಎಂದು ಅತ್ತೆಯ ಚುಚ್ಚುಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ?

ಒಂದು ಮಂಗಳವಾರ ಡಾಕ್ಟರ ಹತ್ತಿರ ಹೊರಟೆವು. ಅದಕ್ಕೂ ಮುಂಚೆ ಎರಡು ದಿನ ಅವಳಿಗೆ ಕೆಲಸ ಹೇಳಲಿಲ್ಲ. ತಲೆ ಬಾಚಿ, ಹೊಸ ಸೀರೆ ಉಡಿಸಿ, ತಂಪು ಹೊತ್ತಿನಲ್ಲೇ ಗಾಡಿ ಹೂಡಿಸಿದೆವು. ದೊಡ್ಡವರ ಮುಂದೆ ಸೋತ ಮುಖ ತೋರಿಸಬಾರದು, ಅದು ನಮ್ಮ ಮನೆಯ ರೀತಿ.

"ಹೆಂಗಿದೀಯಮ್ಮ?"

"ಆರಾಮ ಇದೀನ್ರಿ."

ಡಾಕ್ಟರು ಟಾನಿಕ್ ಬರೆದುಕೊಟ್ಟರು, ಅಷ್ಟೇ.

"ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಸೋಮವಾರ ತೌರಿಗೆ ಹೊರಡ್ಲಿ. ಕೂಸು ಇಲ್ಲೇ ಇರ್ತದೆ" ಎಂದರು ಅತ್ತೆ. ಗಂಗಮ್ಮನ ಕೂಸಿಗೆ ಇನ್ನೂ ಎರಡು ವರ್ಷ. ಅವಳ ಟ್ರಂಕು ಅವತ್ತೇ ತುಂಬಿತು. ಅವಳು ಕೂಸನ್ನು ಮಡಿಲಿಂದ ಇಳಿಸಲೇ ಇಲ್ಲ.

ಬಿತ್ತನೆಗೆ ಶೇಂಗಾ ಸುಲಿಯುವ ಕಾಲ. ಇವಳ ನಾಟಕ ಹಿಡಿಯಲೇಬೇಕೆಂದು ಎದುರಿಗೆ ಕೂತೆ. ಕಂಬದ ನೆರಳು ಒಂದು ಗೇಣು ಸರಿಯುವ ತನಕ ಬೆಳಿಗ್ಗೆ ಅವಳು ಸುಲಿದದ್ದು ಕೆಂಪು ಬಟ್ಟೆಗೆ. ಮಧ್ಯಾಹ್ನ ಬಿಸಿನೀರು ಹುಯ್ಕೊಂಡು ಬಂದಮೇಲೆ ಅಷ್ಟೇ ಹೊತ್ತು ಸುಲಿದದ್ದು ಬಿಳಿ ಬಟ್ಟೆಗೆ. ಮೂರು ದಿನ ಹೀಗೇ. ಕೆಂಪು ಗಂಟು ತೆಂಗಿನಕಾಯಷ್ಟಾಯಿತು, ಬಿಳಿಯದು ನಿಂಬೆಹಣ್ಣಿನಷ್ಟು. ಕಾಯಿ ಬೆರಳಿಂದ ಜಾರಿದಾಗೆಲ್ಲ ಅವಳು ಹಲ್ಲು ಕಚ್ಚಿ ಮತ್ತೆ ಹಿಡಿಯುತ್ತಿದ್ದಳು. ಮೈಗಳ್ಳರು ಕೆಲಸ ಹೇಳಿದಾಗ ಅಳುತ್ತಾರೆ. ಇವಳು ಕೆಲಸ ಆಗದಿದ್ದಾಗ ಅತ್ತಳು. ಎರಡೂ ಗಂಟು ಬಿಗಿದು ಎತ್ತಿಟ್ಟೆ. ಸೋಮವಾರಕ್ಕೆ ಇನ್ನೆರಡೇ ದಿನ.

ಶನಿವಾರ ಅತ್ತೆಯನ್ನೂ ಗಾಡಿಗೆ ಹತ್ತಿಸಿ, ಗಂಟುಗಳನ್ನು ಡಾಕ್ಟರ ಮೇಜಿನ ಮೇಲಿಟ್ಟೆ.

"ಇದು ಬೆಳಗಿಂದು, ಇದು ಮಧ್ಯಾಹ್ನ ಬಿಸಿನೀರು ಹುಯ್ಕೊಂಡಮೇಲಿಂದು. ಒಂದೇ ಕೈ ರೀ."

ಅವರು ಎರಡನ್ನೂ ಎರಡು ಕೈಯಲ್ಲಿ ತೂಗಿ ನೋಡಿದರು. "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಹೆಂಗಿದೀಯ ಅಂದ್ರಿ. ಆರಾಮ ಅಂದ್ವಿ."

ಅವರು ನಗಲಿಲ್ಲ. ಅವಳ ಕಾಲು, ಕಣ್ಣು ಮತ್ತೆ ನೋಡಿದರು. "ನರದ ಕಾಯಿಲೆ ಇರಬೋದು. ದೊಡ್ಡಾಸ್ಪತ್ರೆಗೆ ಚೀಟಿ ಕೊಡ್ತೀನಿ. ಬಿಸಿಲು, ಬಿಸಿನೀರು ಬೇಡ. ಸೋಗಂತೂ ಅಲ್ಲ."

"ವಾಸಿ ಆಗ್ತದೇನ್ರಿ?" ಎಂದಳು ಗಂಗಮ್ಮ.

"ಈಗ್ಲೇ ಹೇಳಾಕೆ ಆಗಲ್ಲಮ್ಮ."

ಮನೆಗೆ ಬಂದಮೇಲೆ ಅತ್ತೆ ಸೋಮವಾರದ ಮಾತು ಬಿಟ್ಟೆನೆನ್ನಲಿಲ್ಲ, ಹಿಡಿದೆನೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಗಂಗಮ್ಮನ ಟ್ರಂಕಿನಿಂದ ಸೀರೆಗಳನ್ನೆಲ್ಲ ತೆಗೆದು ಮತ್ತೆ ಅವಳ ಗೂಟಕ್ಕೇ ನೇತುಹಾಕಿ, ಟ್ರಂಕಿನ ತುಂಬ ಬಿತ್ತನೆ ಶೇಂಗಾ ಸುರಿದು, ಬೀಗ ಹಾಕಿ, ಕೀಲಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.