ಎಡಗಡೆ ಸೀಟು

ಆಗ ನನ್ನದು ಕಾರು ದಳ್ಳಾಳಿ ಕೆಲಸ. ಕಿರಂಗೂರಿನ ಗೌಡರೊಬ್ಬರು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಮಾರುತ್ತಾರೆಂದು ಬೆಲೆ ಕಟ್ಟಲು ಹೋಗಿದ್ದೆ. ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಎಡಗಡೆ ಸೀಟಿಗೆ ಕಂಪನಿಯವರು ಹೊದಿಸಿದ್ದ ಪ್ಲಾಸ್ಟಿಕ್ ಕಾಗದ ಹಾಗೇ ಇತ್ತು.

“ಇದ್ರಲ್ಲಿ ಯಾರೂ ಕೂತೇ ಇಲ್ವಲ್ಲ ಗೌಡ್ರೇ! ಒಳ್ಳೇ ಬೆಲೆ ಬತ್ತದೆ,” ಅಂದೆ ಖುಷಿಯಾಗಿ.

“ಗಾಡಿ ಬಂದಿದ್ದು ಆಸಾಡದಲ್ಲಿ. ಸ್ರಾವಣ ಬರ್ಲಿ, ಆಮೇಲೆ ಕೂತ್ಕತೀನಿ ಅಂದ್ಲು ಕಣಪ್ಪ ನಮ್ಮನೆಯವ್ಳು. ಅಷ್ಟ್ರಲ್ಲಿ ತೀರ್ಕೊಬುಟ್ಲು.”

ನಾನು ಹೊರಟಾಗ ಅವರೇ ಎಡಗಡೆ ಬಾಗಿಲು ತೆಗೆದು, “ಬಾ, ಪಟ್ಣಕ್ಕೆ ಬುಟ್ಬುಡ್ತೀನಿ,” ಅಂದರು. ನಡೆಯೋದೇ ನನಗೆ ಅಭ್ಯಾಸ ಅಂತ ಸುಳ್ಳು ಹೇಳಿ, ಆ ಬಿಸಿಲಲ್ಲಿ ಶ್ರೀರಂಗಪಟ್ಟಣದವರೆಗೂ ನಡೆದೆ.

“ಕಾರು ದಳ್ಳಾಳಿಗೇ ಕೂರಾಕೆ ಸೀಟು ಸಿಗ್ನಿಲ್ವೇನ್ಲಾ?” ಅಂತ ಪೇಟೆಯ ಗೆಳೆಯರು ನಕ್ಕರು.

“ಸಿಕ್ಕಿತ್ತು ಕಣ್ರಲಾ,” ಅಂದೆ.