ಒಲ್ಲೆ ಅನ್ನುವ ಪಾಠ

ರಾಯಚೂರಿನಲ್ಲಿ ನರ್ಸ್‌ಗಳಿಗೆ ಸಂಶೋಧನೆ ಮಾಡುವ ಬಗೆ ಕಲಿಸುತ್ತಿದ್ದೆ. ಅಧ್ಯಯನಕ್ಕೆ ರೋಗಿಯ ಒಪ್ಪಿಗೆ ಕೇಳುವ ಅಭ್ಯಾಸ ಬಂದಾಗ ನಾನೇ ದೇವದುರ್ಗದ ಕೂಲಿಯವನಾಗಿ ಕುಳಿತೆ. ಎದುರಿಗೆ ಮಾನ್ವಿಯ ಸಿಸ್ಟರ್ ಒಬ್ಬರು. ರಕ್ತಹೀನತೆಯ ಅಧ್ಯಯನವೆಂದು ಚೆನ್ನಾಗಿ ವಿವರಿಸಿದರು. ನಾನು ಪಾತ್ರಕ್ಕೆ ತಕ್ಕಂತೆ ಕೈಮುಗಿದೆ.

"ನೀವು ಹೇಳಿದಂಗ ಆಗ್ಲಿ ಯವ್ವಾ. ಹೆಬ್ಬಟ್ಟು ಎಲ್ಲಿ ಒತ್ಲಿ?"

ಅವರು ಇಂಕಿನ ಪ್ಯಾಡು ಹಿಂದಕ್ಕೆ ಎಳೆದುಕೊಂಡರು.

"ಯಪ್ಪಾ, ಮೊದ್ಲ ಒಮ್ಮೆ ಒಲ್ಲೆ ಅನ್ರಿ, ಕೇಳ್ತೀನಿ."

"ಯಾಕ್ರೀ?"

"ಒಲ್ಲೆ ಅಂದ್ರ ದವಾಖಾನ್ಯಾಗ ಗುಳಿಗಿ ಕೊಡಂಗಿಲ್ಲ ಅಂತ ಮಂದಿಗಿ ಅಂಜಿಕಿ. ಅಂಜಿ ಹೂಂ ಅಂದ್ರ ಅದು ಒಪ್ಪಿಗಿ ಅಲ್ರೀ."

ನಾಟಕವೆಂದು ಗೊತ್ತಿದ್ದರೂ ಆ ಮಾತು ನನ್ನ ಬಾಯಿಂದ ಹೊರಡಲು ಹೊತ್ತು ಹಿಡಿಯಿತು. ಕೊನೆಗೆ "ಒಲ್ಲೆ ರೀ" ಎಂದೆ. ಅವರ ಮುಖ ಸ್ವಲ್ಪವೂ ಬದಲಾಗಲಿಲ್ಲ.

"ಆತು. ನಿಮ್ಮ ಗುಳಿಗಿ ಯಾವಾಗ್ಲೂ ಸಿಕ್ಕಂಗ ಸಿಗ್ತಾವ, ಹೋಗಿಬರ್ರಿ."

ಈ ಪಾಠ ನಾನು ಎಷ್ಟೋ ಸಲ ಹೇಳಿದ್ದೇನೆ. ಇಷ್ಟು ಚೆಂದ ಒಮ್ಮೆಯೂ ಹೇಳಿಲ್ಲ. ಇಂಥವರು ನನ್ನ ತಂಡದಲ್ಲಿ ಇರಲೇಬೇಕು ಅನ್ನಿಸಿ, ಸಂಜೆ ಚಹಾದ ಹೊತ್ತಿಗೆ ಅವರನ್ನು ಕರೆದು, ನನ್ನ ಮುಂದಿನ ಅಧ್ಯಯನಕ್ಕೆ ಬರುತ್ತೀರಾ ಎಂದು ಕೇಳಿದೆ.

"ಒಲ್ಲೆ ರೀ ಸರ್" ಎಂದು ನಕ್ಕರು.

ಕಾರಣ ಕೇಳುವ ಹಾಗಿರಲಿಲ್ಲ. "ಚಹಾ ಯಾವಾಗ್ಲೂ ಸಿಕ್ಕಂಗ ಸಿಗ್ತದ, ಬರ್ರಿ" ಎಂದೆ.