ಒಗೆದ ಕಡಲತಳ

ಬೀದಿಯವರು ಆಕೆಗೆ ಇಟ್ಟ ಹೆಸರು ಸೂಜಿ ಅತ್ತಿಗೆ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಅಲ್ಲೇ ಗಿರಾಕಿಗಳ ಅಳತೆ, ಅಲ್ಲೇ ಮಕ್ಕಳ ಪಾಠ, ತಲೆಯ ಮೇಲೆ ಒಣಗದ ಬಟ್ಟೆಯ ಹಗ್ಗ. ಮನೆಯವರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಗಂಡ, "ಏನಿಲ್ಲ, ಸುಮ್ಮನೆ ಮನೇಲಿರ್ತಾಳೆ. ಹೊತ್ತು ಹೋಗ್ಲಿ ಅಂತ ಒಂಚೂರು ಹೊಲಿತಾಳೆ" ಎನ್ನುತ್ತಿದ್ದ. ಕೆಟ್ಟವನಲ್ಲ. ಸಾರು ರುಚಿಯಾದ ದಿನ ರುಚಿಯಾಗಿದೆ ಎಂದು ಬಾಯಿಬಿಟ್ಟು ಹೇಳುವಷ್ಟು ಒಳ್ಳೆಯವನು.

ಅದೇ ಕೋಣೆಯ ಮೂಲೆಯಲ್ಲಿ ಕೂತು ಓದಿದ ನಾದಿನಿ ಈಗ ಆಳ ಸಮುದ್ರದ ಸಂಶೋಧಕಿ. ಹಡಗಿನಿಂದ ಕ್ಯಾಮೆರಾ ಇಳಿಸಿ, ಬೆಳಕೇ ತಲುಪದ ತಳದ ಚಿತ್ರ ತರುವುದು ಅವಳ ಕೆಲಸ. ಅಲ್ಲಿ ಹಿಟ್ಟಿನಂಥ ಕೆಸರಿದೆ, ಕೆಸರಿನ ಮೇಲೆ ಆಲೂಗಡ್ಡೆಯಂಥ ಲೋಹದ ಉಂಡೆಗಳಿವೆ, ಉಂಡೆಗಳನ್ನೇ ನೆಲೆ ಮಾಡಿಕೊಂಡ ಸ್ಪಂಜುಗಳು, ನಕ್ಷತ್ರ ಮೀನುಗಳು ಇವೆ. ಯಂತ್ರ ಇಳಿಸಿ ಉಂಡೆಗಳನ್ನು ಬಾಚಿಕೊಳ್ಳಲು ಒಂದು ಕಂಪನಿ ಅನುಮತಿ ಕೇಳಿತ್ತು. ಬೇಡವೆಂದು ನಾದಿನಿ ಬರೆದ ದಪ್ಪ ವರದಿಯನ್ನು ಸಮಿತಿಯಲ್ಲಿ ಯಾರೂ ಬಿಚ್ಚಿರಲಿಲ್ಲ. ಫೋಟೋ ನೋಡಿದ ಅಧ್ಯಕ್ಷರು, ಬರೀ ಕತ್ತಲು, ಕೆಸರು, ಉಂಡೆ ಸುಮ್ಮನೆ ಬಿದ್ದಿದೆ, ಎತ್ತಿಕೊಂಡರೆ ಯಾರಿಗೇನು ನಷ್ಟ ಎಂದಿದ್ದರು.

ಮನೆಗೆ ಬಂದು ನಾದಿನಿ ಇದನ್ನು ಹೇಳಿದಾಗ ಅತ್ತಿಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಸುಮ್ಮನೆ ಅಂದ್ರಾ? ನಿಮ್ಮಣ್ಣನ ಹತ್ರಾನೇ ಕಲ್ತಿರಬೇಕು."

ನಾದಿನಿ ನಕ್ಕಳು. ನಗುತ್ತಲೇ ಅಳು ಬಂತು. ಕಣ್ಣೊರೆಸಿಕೊಂಡು ಕೇಳಿದಳು: "ಅತ್ತಿಗೆ, ಆ ತಳಾನ ನಂಗೆ ಹೊಲಿದು ಕೊಡ್ತೀರಾ? ಅವರು ಓದಲ್ಲ. ಮೇಜಿನ ಮೇಲೆ ಹಾಸಿದ್ರೆ ಕೈಯಾದ್ರೂ ಆಡಿಸ್ತಾರೆ."

ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು, ಮಕ್ಕಳು ಸ್ಕೂಲಿನಿಂದ ಬರುವ ಮುಂಚಿನ ಒಂದಿಷ್ಟು ಹೊತ್ತು, ಹೀಗೆ ಕದ್ದ ಹೊತ್ತುಗಳಲ್ಲೇ ಆಕೆ ಕಡಲತಳವನ್ನು ಹೊಲಿದಳು. ಹಳೆಯ ಹಾಸಿಗೆ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದಳು. ಫೋಟೋಗಳನ್ನು ಎದುರಿಗಿಟ್ಟುಕೊಂಡು ಬಿಳಿ ದಾರದಲ್ಲಿ ಒಂದೊಂದೇ ಜೀವ ಎಬ್ಬಿಸಿದಳು. ಕೊನೆಗೆ ಸೋಸಿದ ಜೇಡಿಮಣ್ಣನ್ನು ಬಟ್ಟೆಗೆ ಉಜ್ಜಿದಳು. ಗಟ್ಟಿಯಾಗಿ ಅಂಟದಂತೆ ಬೇಕೆಂದೇ ಬಿಟ್ಟಳು. ಮುಟ್ಟಿದವರ ಬೆರಳಿಗೆ ಕೆಸರು ಹತ್ತಬೇಕು, ಮುಟ್ಟಿದ ಜಾಗದಲ್ಲಿ ಗುರುತು ಉಳಿಯಬೇಕು ಎಂಬುದು ಇಬ್ಬರೂ ಕೂತು ಹೂಡಿದ ಉಪಾಯ.

ಸಭೆಯ ಹಿಂದಿನ ದಿನ ಬೆಳಿಗ್ಗೆ ನಾದಿನಿ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು. ಅತ್ತಿಗೆಯ ಬೆರಳೆಲ್ಲ ತೂತಾಗಿದೆ, ಒಂದು ದಿನವಾದರೂ ಮನೆಯಲ್ಲಿ ಒಂದು ಕಡ್ಡಿ ಎತ್ತಿಡಬಾರದಾ ಎಂದಳು. ಮಾತು ಅವನಿಗೆ ನಾಟಿತು. ಅತ್ತಿಗೆ ದಾರ ತರಲು ಅಂಗಡಿಗೆ ಹೋದಾಗ, ಮದುವೆಯಾದ ಮೇಲೆ ಮೊದಲ ಸಲ, ಅವನು ಬಟ್ಟೆ ಒಗೆಯಲು ನಿಂತ. ಮುಂದಿನ ಕೋಣೆಯ ಕುರ್ಚಿಯ ಮೇಲಿದ್ದದ್ದನ್ನೆಲ್ಲ ವಾಷಿಂಗ್ ಮೆಷಿನ್ನಿಗೆ ತುಂಬಿ, ಬಿಸಿನೀರು ಬಿಟ್ಟು, ಕೈತುಂಬ ಪುಡಿ ಸುರಿದ.

ಆಕೆ ಬಂದಾಗ ಅವನು ಹಿತ್ತಲಲ್ಲಿ ತೋಳು ಮಡಚಿಕೊಂಡು ನಿಂತಿದ್ದ. ಹಗ್ಗದ ಮೇಲೆ ಕಡಲತಳ ಬೆಳ್ಳಗೆ ತೂಗುತ್ತಿತ್ತು.

"ಎಷ್ಟು ಕೊಳೆ ಇತ್ತು ಗೊತ್ತಾ ಇದ್ರಲ್ಲಿ?" ಎಂದ, ಶಹಬ್ಬಾಸ್‌ಗಿರಿಗೆ ಕಾದು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದಳು. ಅತ್ತಿಗೆ ಬಟ್ಟೆಯನ್ನು ಹಗ್ಗದಿಂದ ಇಳಿಸಿ ಬಿಡಿಸಿದಳು. ಸ್ಪಂಜುಗಳು ಕಿತ್ತುಹೋಗಿದ್ದವು. ನಕ್ಷತ್ರ ಮೀನುಗಳ ಕಾಲುಗಳು ಒಂದಕ್ಕೊಂದು ಸಿಕ್ಕುಬಿದ್ದಿದ್ದವು. ಕತ್ತಲಾಗುವವರೆಗೆ ಕೂತರೂ ನವೆದ ಬಟ್ಟೆ ಹೊಲಿಗೆ ಹಿಡಿಯಲಿಲ್ಲ. ಹಸಿಮಣ್ಣು ಉಜ್ಜಿದರೆ ಬಟ್ಟೆಯೇ ಹರಿಯುತ್ತಿತ್ತು.

ಬೇರೆ ದಾರಿಯಿಲ್ಲದೆ ಅತ್ತಿಗೆ, ನಾದಿನಿ ಇಬ್ಬರೂ ಅದನ್ನೇ ಒಯ್ದು ಸಮಿತಿಯ ಮೇಜಿನ ಮೇಲೆ ಹಾಸಿದರು. ಅಧ್ಯಕ್ಷರು ನಿಜಕ್ಕೂ ಕೈಯಾಡಿಸಿದರು. ಬೆರಳು ನೋಡಿಕೊಂಡರು. ಬೆರಳು ಸ್ವಚ್ಛವಾಗಿತ್ತು.

"ಇಲ್ಲಿ ಏನೂ ಇಲ್ವಲ್ಲಮ್ಮ."

"ಇತ್ತು ಸರ್," ಎಂದಳು ಅತ್ತಿಗೆ. "ಒಗೆದುಬಿಟ್ರು."

ಯಾರೋ ಕಿಸಕ್ಕೆಂದರು. ಹೋಗಲಿ, ಮತ್ತೊಂದು ಮಾಡಿದರಾಯಿತು ಎಂದರು ಅಧ್ಯಕ್ಷರು. ಬಟ್ಟೆ ಮತ್ತೆ ಮಾಡಬಹುದು, ಆದರೆ ತಳವನ್ನು... ಎಂದು ನಾದಿನಿ ಎದ್ದು ನಿಲ್ಲುವಷ್ಟರಲ್ಲಿ ಟೀ ಬಂತು. ಕಪ್ಪುಗಳಿಗೆ ಜಾಗ ಬೇಕಾಗಿ ಬಟ್ಟೆಯನ್ನು ಮಡಚಿ ಅತ್ತಿಗೆಯ ಕೈಗೇ ಕೊಟ್ಟರು. ಟೀ ಮುಗಿಯುವ ಹೊತ್ತಿಗೆ ಅನುಮತಿಗೆ ಸಹಿ ಬಿದ್ದಿತ್ತು.

ಸಂಜೆ ನಾದಿನಿ ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತಿಗೆ ಬಚ್ಚಲ ಮನೆಯ ನೆಲದ ಮೇಲೆ ಕೂತು ಮೆಷಿನ್ನಿನ ಜಾಲರಿ ಬಿಚ್ಚಿದಳು. ತಿಂಗಳುಗಟ್ಟಲೆ ಎಬ್ಬಿಸಿದ ಜೀವಗಳೆಲ್ಲ ಅಲ್ಲಿ ಒದ್ದೆ ದಾರದ ಬೂದು ಉಂಡೆಯಾಗಿ ಕೂತಿದ್ದವು. ಉಗುರಿನಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ಯಾತಕ್ಕೆಂದು ಆಕೆಗೂ ಗೊತ್ತಿರಲಿಲ್ಲ.

ಬಾಗಿಲ ಬಳಿ ಗಂಡ ಬಂದು ನಿಂತ. "ಸುಮ್ಮನೆ ಕೂತಿದೀಯಲ್ಲ, ಒಂಚೂರು ಟೀ ಇಡ್ತೀಯಾ?"

"ಸುಮ್ಮನೆ ಕೂತಿಲ್ಲ," ಎಂದಳು, ತಲೆ ಎತ್ತದೆ.

ಅವನು ಅಡುಗೆಮನೆಗೆ ಹೋಗಿ, ಹಾಲು ಎಲ್ಲಿದೆ ಎಂದು ಕೇಳಿದ.